ಹೌಸಿನ ಮಾತು ಹೌಸಿನಾಗ

ಇಲ್ರಿ ಆಂಟಿ, ಚಹಾ ಬ್ಯಾಡ. ನೀರು ಸಾಕು... ನೀರೂ ಬ್ಯಾಡ್ರಿ, ನೀವು ಕುಂದರ್ರಿ ಮದಲ. ಎಲ್ಲಿದ್ದೆ ನಾನು? ಹಾಂ. ಮಾರ್ಕ್ಸ್. ಮಾರ್ಕ್ಸ್ ಕಡಿಮಿ ಬಿದ್ದಾವ, ಅದಕ್ಕ ಕಾಲೇಜು ಬಿಟ್ಟು ಬಂದೆ ಅಂತ ನಿಮ್ಮ ಶ್ರೇಯಾ ನಿಮಗ ಹೇಳ್ಯಾಳ. ಅದು ಖರೆ ಅಲ್ರಿ.

ಅಕಿನ್ನ ಕರಿಬ್ಯಾಡ್ರಿ. ಮ್ಯಾಲೆ ರೂಮಿನಾಗ ಅದಾಳಂತ ಗೊತ್ತು. ನಾನು, ಸಿಂಧೂರ, ಬಂದೇನಿ ಅಂದ್ರ ಅಕಿ ಇಳಿಯೂದಿಲ್ಲ. ಯಾಕ ಅಂತೀರಿ?... ಅದನ್ನ ಹೇಳಾಕ ಬಂದೇನಿ. ಸ್ಯಾನ್ ಡಿಯೇಗೊದಿಂದ ಎರಡು ತಾಸು ಡ್ರೈವ್ ಮಾಡಕೋತ ಎಲ್ಲಾ ಜೋಡಿಸಿಕೊಂಡಿದ್ದೆ, ಹಿಂಗ ಸುರು ಮಾಡಬೇಕು, ಹಿಂಗ ಮುಗಸಬೇಕು ಅಂತ. ನಿಮ್ಮ ವೆಸ್ಟ್ ಕೊವಿನಾ ಎಕ್ಸಿಟ್ ತಗೊಂಡೆ, ಎಲ್ಲಾ ಹೋತು.

ಸೊರೊರಿಟಿ ಅಂದ್ರ ಏನು ಅಂತ ನಿಮಗ ನಾನ ಹೇಳಿದ್ದೆ, ನೆನಪೈತೇನ್ರಿ? ಹುಡುಗ್ಯಾರ ಸಂಘ ರೀ ಆಂಟಿ, ನಲವತ್ತು ಮಂದಿ ಒಂದ ಮನ್ಯಾಗ, ಅದಕ್ಕ ಹೌಸ್ ಅಂತೇವಿ, ಅಕ್ಕ-ತಂಗ್ಯಾರಂಗ ಇರ್ತೇವಿ, ನಾನು ಇದ್ದೇನಲ್ಲ ಅಂತ. ಅವತ್ತ ನೀವು ಪೊಮೊನಾಕ್ಕ ಫೋನ್ ಮಾಡಿ ನಮ್ಮವ್ವಗ ಅಂದ್ರಂತ, 'ಸಿಂಧೂರ ಅಲ್ಲೆ ಅದಾಳಂದ್ರ ನನಗ ಯಾವ ಚಿಂತೀನೂ ಇಲ್ಲ.' ನಮ್ಮವ್ವ ಅದನ್ನ ಎಷ್ಟು ಖುಷೀಲೆ ಹೇಳಿದ್ಲು...

ಇರ್ಲಿ. ಹೇಳ್ತೇನಿ.

ಫೆಬ್ರವರಿ ಹನ್ನೊಂದು, ಶನಿವಾರ. ಮಿಷನ್ ಬೀಚ್‌ನಾಗ ಒಂದು ಮನಿ, ಫ್ರಟರ್ನಿಟಿಯವರು, ಹುಡುಗರದೂ ಹಿಂಥಾದ ಸಂಘ, ಬಾಡಿಗಿ ಹಿಡದಿದ್ರು. ನಾವೂ ಹೋಗಿದ್ವಿ. ಮಧ್ಯಾಹ್ನ, ಬಿಸಲು, ಹೊರಗ ಬಾರ್ಬೆಕ್ಯು. ಶ್ರೇಯಾ ತನ್ನ ಜಾಕೆಟ್ ತರಾಕ ಒಳಗ ಹೋಗ್ಯಾಳ. ಬ್ರೆಂಟ್ ಅಂತ ಒಬ್ಬಾವ ಹಿಂದ ಹೋಗಿ ಚಿಲಕ ಹಾಕ್ಯಾನ.

ಪೂರಾ ಹೇಳಬೇಕೇನ್ರಿ?...

ಅಕಿ ಬ್ಯಾಡ ಅಂದಾಳ ಆಂಟಿ. ಮೂರು ಸಲ ಅಂದಾಳ. ಅಕಿ ಬರದು ಕೊಟ್ಟದ್ದರಾಗ ಹಂಗ ಐತಿ, ಮೂರು ಸಲ. ಯಾರೋ ಬಾಗಲಾ ಬಡದ್ರು, ಅವ ಬಿಟ್ಟ. ಅಕಿ ಹೊರಗ ಬಂದಾಗ ಅಂಗಿ ತೋಳು ಹರದಿತ್ತು, ಮುಂಗೈ ಮ್ಯಾಲೆ ಬೆರಳಿನ ಗುರುತು ಮೂಡಿದ್ವು. ನಾನು ನೋಡೇನಿ. ನಾನ ಕಾರಿನಾಗ ಕುಂದ್ರಿಸಿಕೊಂಡು ಹೌಸಿಗೆ ಕರಕೊಂಡು ಬಂದೆ.

ಆ ಸೊಪ್ಪು ಬಿಡ್ರಿ ಆಂಟಿ... ಎಲಿ ಎಲ್ಲಾ ಕೆಳಗ ಬೀಳಾಕತ್ತಾವ. ಸರಿ, ಬಿಡಸ್ರಿ. ಬಿಡಸಕೋತ ಕೇಳ್ರಿ.

ಕಂಪ್ಲೇಂಟ್ ಕೊಟ್ಟಾಳ್ರಿ ಅಕಿ. ಸುಮ್ನ ಕೂತಿಲ್ಲ. ಏನು?... ಪೊಲೀಸರಿಗೆ ಅಲ್ಲ. ಕಾಲೇಜ್ ಆಫೀಸಿಗೂ ಅಲ್ಲ. ನಮ್ಮ ಬೋರ್ಡಿಗೆ. ಪ್ರತಿ ಹೌಸಿನಾಗ ಒಂದು ಬೋರ್ಡ್ ಇರ್ತದ್ರಿ, ಸ್ಟ್ಯಾಂಡರ್ಡ್ಸ್ ಅಂತಾರ. ಐದು ಹುಡುಗ್ಯಾರು. ಹೌಸಿನಾಗ ಯಾರ ಏನ ತಪ್ಪು ಮಾಡಿದ್ರೂ, ಯಾರಿಗೆ ಏನ ಆದ್ರೂ, ಮದಲ ಅಲ್ಲಿ. ನಮ್ಮದು ನಾವ ನೋಡ್ಕೋತೇವಿ, ಹೊರಗ ಒಯ್ಯೂದಿಲ್ಲ. ಸೇರಿದ ದಿನ ಎಲ್ಲಾರೂ ಅದಕ್ಕ ಹೂಂ ಅಂತಾರ.

ಯಾಕ ನಗ್ತೀರಿ?... ನಕ್ಕಿಲ್ಲ? ನಕ್ಕಂಗ ಆತು.

ಬೋರ್ಡ್ ಆ ಹುಡುಗರ ಬೋರ್ಡಿಗೆ ಲೆಟರ್ ಕಳಿಸ್ತು. ಹೌದ್ರಿ, ಅವರದೂ ಒಂದು ಐತಿ. ಅದರ ಮುಖ್ಯಸ್ಥ ಬ್ರೆಂಟ್‌ನ ರೂಮ್‌ಮೇಟು. ಹನ್ನೊಂದು ದಿನಕ್ಕ ಉತ್ತರ ಬಂತು, ನಾಕು ಸಾಲು. 'ನಮ್ಮ ಸಹೋದರನ ಜೋಡಿ ಮಾತಾಡೇವಿ. ಅವಗ ಬ್ಯಾಸರ ಆಗೇದ. ಮುಂದಿನ ಎರಡು ಪಾರ್ಟಿಗೆ ಅವ ಬರೂದಿಲ್ಲ.' ಅಷ್ಟ. ಎರಡು ಪಾರ್ಟಿ.

ಕೆಳಗ ಇನ್ನೊಂದು ಸಾಲು ಇತ್ತು, ಐದನೇದು. 'ನಿಮ್ಮ ಹುಡುಗಿ ಕೈಯಾಗ ಬಿಯರ್ ಇತ್ತು, ಎದಿ ಮ್ಯಾಲೆ ನಿಮ್ಮ ಹೌಸಿನ ಅಕ್ಷರ ಇದ್ವು, ವಯಸ್ಸು ಹತ್ತೊಂಬತ್ತು, ಅದನ್ನೂ ನೋಡ್ಕೋರಿ.' ಇಲ್ಲೆ ಇಪ್ಪತ್ತೊಂದು ಆಗೂತನಕ ಕುಡಿಯೂಹಂಗಿಲ್ಲಲ್ರಿ. ಹೌಸಿನ ಅಕ್ಷರದ ಟೀಶರ್ಟ್ ಹಾಕ್ಕೊಂಡು ಕುಡದ್ರ ಹೌಸಿನ ಹೆಸರು ಕೆಡ್ತದ. ಅದು ರೂಲ್.

ಅದಕ್ಕ ಶ್ರೇಯಾನ್ನ ಕರದ್ರು.

ಹೌದ್ರಿ, ಶ್ರೇಯಾನ್ನ. ಕಂಪ್ಲೇಂಟ್ ಕೊಟ್ಟಾಕಿನ್ನ. ನೀವು ಸರಿಯಾಗೇ ಕೇಳಿಸಿಕೊಂಡ್ರಿ.

ಬುಧವಾರ ಸಂಜಿ ಐದಕ್ಕ, ಊಟದ ಟೇಬಲ್ಲಿಗೆ. ಐದು ಮಂದಿ ಒಂದು ಕಡೆ, ಅಕಿ ಒಬ್ಬಾಕಿ ಈ ಕಡೆ. ಬೋರ್ಡಿನವರು ಕೇಳಿದ್ರು, ಎಷ್ಟು ಕುಡದಿದ್ದಿ? ಒಳಗ ಯಾಕ ಒಬ್ಬಾಕೀನ ಹೋದಿ? ಮದಲ ಅವನ ಜೋಡಿ ನಕ್ಕೋತ ಮಾತಾಡಿದ್ದಿಲ್ಲ? ಅಕಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಒಂದು ಬಿಯರ್. ಜಾಕೆಟ್ ತರಾಕ. ಹೌದು, ನಕ್ಕಿದ್ದೆ. ಕೆಮಿಸ್ಟ್ರಿ ಲ್ಯಾಬಿನ ಗೆಳತಿ ಒಬ್ಬಾಕಿಗೆ ಇದನ್ನೆಲ್ಲಾ ಹೇಳಿದ್ಲು, ಅದನ್ನೂ ಮುಚ್ಚಿಡಲಿಲ್ಲ. ಹೊರಗಿನಾಕಿಗೆ ಹೇಳಿದ್ದು ಇನ್ನೊಂದು ತಪ್ಪು ಅಂತ ಬರಕೊಂಡ್ರು. ಅಕಿ ಅಳಲಿಲ್ರಿ. ಇಡೀ ಹೊತ್ತು ನನ್ನ ಮಾರಿ ನೋಡಕೋತ...

...

ಹಾಂ. ನಾನೂ ಇದ್ದೆ.

ಹಂಗ ನೋಡಬ್ಯಾಡ್ರಿ ಆಂಟಿ. ಹೇಳಬೇಕಂತನ ಇದ್ದೆ. ಬೋರ್ಡು, ಬೋರ್ಡು ಅಂದೆ, ಅವರು ಕರದ್ರು, ಅವರು ಕೇಳಿದ್ರು ಅಂದೆ. ನಡುವಿನ ಕುರ್ಚಿ ನಂದು. ಈ ವರ್ಷ ಬೋರ್ಡಿನ ಮುಖ್ಯಸ್ಥೆ ನಾನು. 'ನಕ್ಕೋತ ಮಾತಾಡಿದ್ದಿಲ್ಲ' ಅಂತ ಕೇಳಿದಾಕಿ... ನಾನಲ್ಲ. ಅದನ್ನ ನಾನು ಕೇಳಿಲ್ಲ. ಆದ್ರ ಬಿಡು ಅಂತ ತಡೀಲೂ ಇಲ್ಲ.

ಶಿಕ್ಷಾ ಕೊಡೂದಕ್ಕ ಇಬ್ಬರು ಬ್ಯಾಡ ಅಂದ್ರು, ಇಬ್ಬರು ಹೂಂ ಅಂದ್ರು. ನಾನು ಹೂಂ ಅಂದೆ.

ಶಿಕ್ಷಾ ಏನು ಅಂತೀರಿ? ಸೆಮಿಸ್ಟರ್ ಮುಗಿಯೂತನಕ ಪ್ರೊಬೇಷನ್. ಎಲ್ಲಾರ ಜೋಡಿ ಊಟಕ್ಕ ಕುಂದ್ರೂಹಂಗಿಲ್ಲ, ಮೀಟಿಂಗಿಗೆ ಬರೂಹಂಗಿಲ್ಲ, ಆ ಟೀಶರ್ಟ್ ಹಾಕೂಹಂಗಿಲ್ಲ. ಮತ್ತ ಒಂದು ಕ್ಷಮಾಪಣಿ ಲೆಟರ್, ನಲವತ್ತು ಮಂದಿಗೂ. ಬರದ್ಲು. ಸೋಮವಾರ ಬಂದು ನನ್ನ ಬಾಗಲಾ ಕೆಳಗ ತೂರಿಸಿ ಹೋದ್ಲು. ಮುಂದ ಎರಡು ವಾರ ಒಬ್ಬಾಕೀನ ರೂಮಿನಾಗ ಸಿರಿಯಲ್ ತಿಂದ್ಲು. ಆಮ್ಯಾಲೆ ಅವರಪ್ಪಗ, ಶಿವರುದ್ರಪ್ಪ ಅಂಕಲ್‌ಗ ಫೋನ್ ಹಚ್ಚಿ, ಬಂದು ಕರಕೊಂಡು ಹೋಗ್ರಿ ಅಂದ್ಲು. ಅಂಕಲ್ ಚಾಟ್ಸ್‌ವರ್ತ್ ಆಫೀಸಿನಿಂದ ಕೆಲಸದ ಅಂಗೀ ಮ್ಯಾಲೇನ ಬಂದಿದ್ರು. ಪೆಟಗಿ ಇಳಸಾಕ ನಾನೂ ಕೈ ಹಚ್ಚಿದೆ. ಅಂಕಲ್ ನನಗ ಥ್ಯಾಂಕ್ಸ್ ಅಂದ್ರು.

ನನಗ ಏನೂ ಅನಸೂದಿಲ್ರಿ ಈಗ. ಅಳು ಬರಬೇಕಿತ್ತು, ಬರವಲ್ದು. ಕ್ಲಾಸಿಗೆ ಹೋಗ್ತೇನಿ, ಉಣ್ತೇನಿ, ಮಲಗ್ತೇನಿ. ಅವತ್ತ ಆ ಟೇಬಲ್ಲಿಗೆ ಕೂತಾಗ ಇಂಗ್ಲಿಷ್‌ನಾಗ ಎಲ್ಲಾ ಎಷ್ಟು ಸರಳ ಇತ್ತು. ಈಗ ನಿಮ್ಮ ಮುಂದ ಕನ್ನಡದಾಗ ಹೇಳಾಕತ್ತೇನಲ್ಲ... ನಾ ಹೇಳೂದು ನನಗ ಕೇಳಸಾಕತ್ತೈತಿ.

ಸೊಪ್ಪು ಬಿಡಸೂದು ಬಿಟ್ರಲ್ರಿ.

ನಿಮಗ ಯಾಕ ಅಕಿ ಹೇಳಲಿಲ್ಲ ಅಂತ ವಿಚಾರ ಮಾಡಾಕತ್ತೀರಿ. ಅದ ಹೌದಲ್ಲ? ಹೇಳಾಕ ಹೊಂಟಿದ್ಲು. ಅವತ್ತ ಶನಿವಾರನ, ಹೌಸ್ ಮುಟ್ಟಿದ ಕೂಡಲೆ ಫೋನ್ ಕೈಯಾಗ ತಗೊಂಡ್ಲು. 'ಐ ವಾಂಟ್ ಅವ್ವ' ಅಂದ್ಲು, ಸಣ್ಣ ಹುಡುಗಿ ಅಂದಂಗ. ನಾನು ಫೋನ್ ಇಸಕೊಂಡೆ. 'ಅವ್ವಗ ಈಗ ಹೇಳಬ್ಯಾಡ, ಆಂಟಿ ಎದಿ ಒಡಕೋತಾರ, ಅಂಕಲ್ ನಿನ್ನ ಕಾಲೇಜು ಬಿಡಸ್ತಾರ. ಕಾಲೇಜ್ ಆಫೀಸಿಗೆ ಹೋದ್ರ ಹೌಸ್ ಮುಚ್ಚಸ್ತಾರ, ನಲವತ್ತು ಹುಡುಗ್ಯಾರು ಬೀದಿಗೆ ಬೀಳ್ತಾರ. ನಾನು ಇದ್ದೇನಲ್ಲ, ಬರದು ಕೊಡು, ನಾನು ನೋಡ್ಕೋತೇನಿ.' ಅಕಿ ನನ್ನ ಮಾತು ಕೇಳಿದ್ಲು.

ಆಂಟಿ. ಏನರ ಅನ್ರಿ. ಬೈರಿ.

...

ಖರೆ, ಬರೇ ಇದನ್ನ ಹೇಳಾಕ ಬಂದಿಲ್ಲ ನಾನು. ನೀವು ಆಗಿಂದ ನನ್ನ ಬ್ಯಾಗ್ ನೋಡಾಕತ್ತೀರಿ. ಮಾತಾಡಕೋತ ನಾ ಅದನ್ನ ತೊಡಿ ಮ್ಯಾಲೆ ಗಟ್ಟಿ ಹಿಡಕೊಂಡು ಕೂತೇನಿ, ಅದಕ್ಕ... ಆ ಲ್ಯಾಬಿನ ಗೆಳತಿ ಸುಮ್ನ ಕೂಡಲಿಲ್ರಿ, ಕಾಲೇಜ್ ಆಫೀಸಿಗೆ ಹೋಗಿ ಹೇಳ್ಯಾಳ. ಗುರುವಾರದಿಂದ ತನಿಖಿ ಸುರು. ನಮ್ಮ ಬೋರ್ಡಿನ ಕಾಗದ ಎಲ್ಲಾ ಕೇಳ್ಯಾರ. ಶ್ರೇಯಾಗೂ ಪತ್ರ ಬರ್ತದ, ಇವತ್ತೋ ನಾಳಿಗೋ. ಅದು ಬರೂಕಿಂತ ಮದಲ... ಒಂದು ಪೇಪರ್ ಐತಿ. ಅಕಿ ಸಹಿ ಬೇಕು. 'ಹೌಸು ನನ್ನ ಕಂಪ್ಲೇಂಟ್ ಸರಿಯಾಗಿ ನೋಡೇತಿ, ನನಗ ಸಮಾಧಾನ ಐತಿ, ಇನ್ನ ಏನೂ ಬ್ಯಾಡ' ಅಂತ.

ತಗೋರಿ. ಓದ್ರಿ. ನೀವು ದಿನಾ ಕೆಲಸದಾಗ ಆಸ್ಪತ್ರಿ ಫೈಲ್ ಓದಾವ್ರು, ನಿಮಗ ತಿಳೀತದ.

ಯಾರು ಕಳಿಸ್ಯಾರ ಅಂತೀರಿ? ನಮ್ಮ ಸೊರೊರಿಟಿಯ ಮ್ಯಾಲಿನ ಆಫೀಸಿನವರು ರೀ... ಇಲ್ಲ. ಯಾರೂ ಕಳಿಸಿಲ್ಲ. ಅಲ್ಲೆ, ಅಂಚಿನಾಗ ಪೆನ್ಸಿಲ್‌ಲೆ ತಿದ್ದಿದ್ದು ನನ್ನ ಅಕ್ಷರ. ಅಕಿ ಬರದಂಗ ಕಾಣಬೇಕಂತ ಒಂದೊಂದು ಸಾಲು ನಾನ ಕೂತು ಬರದೇನಿ. ನಂದು ಇದು ಕೊನೀ ಸೆಮಿಸ್ಟರ್ ರೀ, ಜೂನಿಗೆ ಡಿಗ್ರಿ. ತನಿಖ್ಯಾಗ ಸಿಕ್ರ ಎಲ್ಲಾ ಹೋತು. ಅದಕ್ಕ. ಅಷ್ಟಕ್ಕ ಬಂದೇನಿ ನಾನು.

ಹರೀರಿ ಬೇಕಾದ್ರ... ಯಾಕ ಹರೀವಲ್ರಿ?

ಮಡಚಾಕತ್ತೀರಲ್ಲ. ಇಟ್ಕೋತೀರೇನ್ರಿ?... ಅದನ್ನ ತನಿಖಿಯವರ ಕೈಯಾಗ ಕೊಟ್ರ ನಾನು... ಗೊತ್ತೈತಿ ನಿಮಗ. ಗೊತ್ತಿದ್ದ ಮಾಡಾಕತ್ತೀರಿ.

ಪೆನ್ ಯಾಕ್ರಿ?... ಶ್ರೇಯಾಗ?... ನನಗಾ?

ಬರದಾಕಿ ನಾನು ಅಂತ ಸಹಿ ಮಾಡು ಅಂತೀರಿ.

ಕೊಡ್ರಿ. ಮತ್ತ ಬಿಚ್ಚರಿ ಅದನ್ನ, ಟೇಬಲ್ ಮ್ಯಾಲೆ ಇಡ್ರಿ... ಎಲ್ಲಿ ಮಾಡಲ್ರಿ ಆಂಟಿ, ಇಲ್ಲೇ? ಅಕಿ ಹೆಸರು ಹೊಡದು ಹಾಕಲಾ?