ಭಾನುವಾರದ ಬೆಣ್ಣೆ

ರೋಹ್ಟಕ್‌ನಿಂದ ಹೊರಟ ಬಸ್ಸಿನಲ್ಲಿ ಸರ್ಬತಿಯ ಮುಂದಿನ ಸೀಟಿನಲ್ಲಿ ಕೂತಿದ್ದವರು ಬೀಗಿತ್ತಿಯರೆಂದು ಮೊದಲ ಮಾತಿಗೇ ತಿಳಿಯಿತು. ಹುಡುಗನ ತಾಯಿ ಭರ್ಪಾಯಿ, ಹುಡುಗಿಯ ತಾಯಿ ಧನ್‌ಪತಿ. ಸರ್ಬತಿ ಮುಖವನ್ನು ಕಿಟಕಿಗೂ ಕಿವಿಯನ್ನು ಅವರಿಗೂ ಕೊಟ್ಟು ಕೂತಳು.

“ನಿಮ್ಮ ಮಗಳು ತುಪ್ಪ ಸೀಯಿಸಿದ್ಲು. ಸೀದಿದೆ ಅಂದೆ. ಅಷ್ಟಕ್ಕೇ ಗಂಟು ಕಟ್ಕೊಂಡು ತವರಿಗೆ ಹೊರಟ್ಳು,” ಎಂದಳು ಭರ್ಪಾಯಿ.

“ಊರನ್ನೆಲ್ಲ ಕರೆದು ಅಂದ್ರಲ್ಲ, ಬೀಗಿತ್ತಿಯೋರೆ!”

“ಇರ್ಲಿ. ನನ್ನ ಮಗ ಮಾತ್ರ ಕರೆಯೋಕೆ ಬರಲ್ಲ. ನಿಮ್ಮೂರ ಕಡೆ ತಲೆ ಹಾಕಿಯೂ ಮಲಗಲ್ಲ ಅಂದಿದಾನೆ.”

“ಹಾಗಾದ್ರೆ ಭಾನುವಾರ ಭಾನುವಾರ ನಮ್ಮ ಅಂಗಳದಲ್ಲಿ ಮಂಚದ ಮೇಲೆ ಕೂತು, ಸಜ್ಜೆ ರೊಟ್ಟಿಗೆ ಬೆಣ್ಣೆ ಮೆತ್ಕೊಂಡು ತಿನ್ನೋನು ಯಾರು?”

ಭರ್ಪಾಯಿ ಸೆರಗು ಸರಿಮಾಡಿಕೊಂಡಳು. “ಭಾನುವಾರ ಅವನು ಎಮ್ಮೆ ನೋಡೋಕೆ ಹೋಗ್ತಾನೆ.”

“ನೋಡ್ತಾನಲ್ಲ, ನಮ್ಮ ಎಮ್ಮೇನ! ಬೆನ್ನೂ ಸವರ್ತಾನೆ.”

“ಹೆಂಡ್ತೀನ ಕರೆಯೋಕೆ ಬಂದಿರ್ತಾನೆ, ಪಾಪ.”

“ಎಲ್ಲಿ ಬಂತು! ‘ಇನ್ನಷ್ಟು ದಿನ ಇಲ್ಲೇ ಇರು, ನೀನು ಬಂದ್ಬಿಟ್ರೆ ನನಗೆ ಈ ಬೆಣ್ಣೆ ಯಾರು ಹಾಕ್ತಾರೆ’ ಅಂತಾನೆ. ಮನೇಲಿ ಬೆಣ್ಣೆಗೆ ಹುಳಿ ವಾಸನೆಯಂತೆ.”

“ನಾನು ಕಡೆದ ಬೆಣ್ಣೆಗಾ?”

“ನಾನು ಹೇಳಿದ್ದಲ್ಲಮ್ಮ, ನಿಮ್ಮ ಮಗ.”

ಸರ್ಬತಿ ಸೆರಗು ಕಚ್ಚಿ ನಗು ತಡೆದಳು. ಅಷ್ಟರಲ್ಲಿ ಧನ್‌ಪತಿಯ ಊರು ಬಂತು. ಅವಳ ಹಿಂದೆಯೇ ಭರ್ಪಾಯಿಯೂ ಎದ್ದಳು.

“ನಿಮ್ಮೂರು ಇನ್ನೂ ಮುಂದಿದೆ.”

“ಗೊತ್ತು. ಸೊಸೇನ ನಾನೇ ಕರ್ಕೊಂಡು ಹೋಗ್ತೀನಿ. ಅವನು ಬೇಕಾದ್ರೆ ಎಮ್ಮೆ ಜೊತೆ ಇರ್ಲಿ.”

“ಅವಳು ಬರ್ಬೇಕಲ್ಲ?”

“ತಪ್ಪಾಯ್ತು ಅಂತೀನಿ. ಬಾಯೇನು ಸವೆಯುತ್ತಾ?”

ಇಬ್ಬರೂ ಇಳಿದರು. ಬಸ್ಸು ಹೊರಡುವ ಮುಂಚೆ ಭರ್ಪಾಯಿ ದನಿ ತಗ್ಗಿಸಿ ಹೇಳಿದ್ದು ಕಿಟಕಿಯಿಂದ ಸರ್ಬತಿಗೆ ಕೇಳಿಸಿತು: “ಹಾಗೇ... ಹೆಪ್ಪಿಗೆ ಸ್ವಲ್ಪ ನಿಮ್ಮನೆ ಮೊಸರೂ ಕೊಡಿ.”