ಪೂಜೆಗಿಟ್ಟ ಎರಡು ಫ್ಲಾಪಿಗಳು

ನನ್ನ ಹೆಸರು ಗುರುಬಸಮ್ಮ, ತಂದೆ ವಿರೂಪಾಕ್ಷಪ್ಪ, ವಯಸ್ಸು 24, ಉದ್ಯೋಗ ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರ್ ಆಪರೇಟರ್, ವಾಸ ಸಿರುಗುಪ್ಪ. ನಿನ್ನೆ ಬಾಯಿಮಾತಿನಲ್ಲಿ ಹೇಳಿದ್ದು ಪೂರ್ತಿ ನಿಜವಲ್ಲವಾದ್ದರಿಂದ ಇಂದು ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಯಾವ ರೈತನ ಭತ್ತ ಯಾವ ಗೋದಾಮಿನಲ್ಲಿದೆ ಎಂಬ ವಿವರವೆಲ್ಲ ನಮ್ಮ ಕಂಪ್ಯೂಟರಿನ ಒಂದು ಫ್ಲಾಪಿಯಲ್ಲಿರುತ್ತದೆ. ಅದರ ನಕಲನ್ನು ಇನ್ನೊಂದು ಫ್ಲಾಪಿಗೆ ಇಳಿಸಿ, ದಿನಾ ಸಂಜೆ ಲಾರಿಯಲ್ಲಿ ಕುರುಗೋಡಿನ ಶಾಖೆಗೆ ಕಳಿಸುವುದು ನನ್ನ ಕೆಲಸ. ಬೆಳಿಗ್ಗೆ ಅದು ವಾಪಸ್ ಬರುತ್ತದೆ. ಎರಡನ್ನೂ ರಾತ್ರಿ ಒಂದೇ ಕಡೆ ಇಡಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ಕಂಪ್ಯೂಟರ್ ಕೋಣೆಗೆ ಎರಡು ಕೀಲಿ. ಒಂದು ನನ್ನಲ್ಲಿ, ಇನ್ನೊಂದು ಕಾವಲುಗಾರ ಓಬಣ್ಣನಲ್ಲಿ.

ದಿನಾಂಕ 19-10-1988ರಂದು ಆಯುಧಪೂಜೆ. ಲಾರಿಗೂ ಪೂಜೆಯಾದ್ದರಿಂದ ಅದು ಹೊರಡಲಿಲ್ಲ. ಬಸ್ಸಿನಲ್ಲಿ ಕಳಿಸಬಹುದಿತ್ತು. ಆದರೆ ಎಲ್ಲರ ಹತ್ಯಾರಗಳ ಜೊತೆ ನನ್ನದೂ ದೇವರ ಮುಂದಿರಲಿ ಎಂಬ ಜಂಬದಿಂದ ಎರಡೂ ಫ್ಲಾಪಿಗಳನ್ನು ನನ್ನ ಕಂಪ್ಯೂಟರ್ ಕೋಣೆಯಲ್ಲಿದ್ದ ಪೂಜೆಯ ತಟ್ಟೆಯಲ್ಲಿಟ್ಟೆ. ಮೆಕ್ಯಾನಿಕ್ ಗಾದೆಪ್ಪನೂ ತನ್ನ ಸಾಮಾನು ತಂದು ಅದರಲ್ಲೇ ಇಟ್ಟು ಹೂವೇರಿಸಿದನು. ಮಂಗಳಾರತಿಯಾದ ಮೇಲೆ ನಾನೇ ಬೀಗ ಹಾಕಿದೆ. ಪೂಜೆಗಿಟ್ಟ ಹತ್ಯಾರವನ್ನು ಬನ್ನಿ ಹಬ್ಬದ ಬೆಳಗಿನವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ 8-30ಕ್ಕೆ ಎಲ್ಲರಿಗಿಂತ ಮೊದಲು ಬಂದು ಹೂವು ತೆಗೆದೆನು. ಭತ್ತದೊಳಗಿನ ಮೊಳೆಗಳನ್ನು ಹಿಡಿಯುವ ದೊಡ್ಡ ಅಯಸ್ಕಾಂತ ಎರಡೂ ಫ್ಲಾಪಿಗಳ ಮೇಲೆ ಕೂತಿತ್ತು. ಅದಕ್ಕೂ ಕುಂಕುಮ ಹಚ್ಚಿತ್ತು. ಅಯಸ್ಕಾಂತ ಹತ್ತಿರ ಬಂದರೆ ಫ್ಲಾಪಿಯಲ್ಲಿದ್ದದ್ದು ಅಳಿಸಿಹೋಗುತ್ತದೆಂದು ಗಾದೆಪ್ಪನಿಗೆ ಗೊತ್ತಿಲ್ಲ, ನಾನು ಎಂದೂ ಹೇಳಿರಲಿಲ್ಲ. ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಎರಡೂ ಬರಿದಾಗಿದ್ದವು. ಅಯಸ್ಕಾಂತದ ಕುಂಕುಮ ಒರೆಸಿ, ಅದನ್ನು ವರ್ಕ್‌ಶಾಪಿನಲ್ಲಿಟ್ಟು ಬಂದೆನು.

ಆಮೇಲೆ ಬಂದ ಮ್ಯಾನೇಜರರು ಯಾರೋ ಬೇಕೆಂದೇ ಅಳಿಸಿದ್ದಾರೆಂದರು. ನಾನು ಬೀಗ ಹಾಕಿದ್ದೆನೆಂದು ಮಾತ್ರ ಹೇಳಿದೆ. ಹೋದ ತಿಂಗಳು ಬೈಸಿಕೊಂಡ ಸಿಟ್ಟಿಗೆ ಓಬಣ್ಣನೇ ಮಾಡಿದ್ದಾನೆಂದು ಅವರು ದೂರು ಕೊಟ್ಟರು. ತಾವು ಬಂದು ಕೇಳಿದಾಗಲೂ ನಾನು ಅಷ್ಟನ್ನೇ ಹೇಳಿದೆ, ತಾವು ಆತನನ್ನು ಕರೆದೊಯ್ದಿರಿ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವನು ಆತ.

ಸಂಜೆ ಓಬಣ್ಣನ ಹೆಂಡತಿ ಎರ್ರಮ್ಮ ಬನ್ನಿ ಹಿಡಿದು ನಮ್ಮ ಮನೆಗೆ ಬಂದಳು. ಪ್ರತಿ ವರ್ಷ ಓಬಣ್ಣ ಮೊದಲ ಬನ್ನಿ ಕೊಡುವುದು ನನಗೆ. ಈ ಸಲ ತಪ್ಪಬಾರದೆಂದು ತಾನೇ ತಂದಿರುವುದಾಗಿ ಹೇಳಿದಳು. ನನ್ನ ಕೈ ಮುಂದೆ ಹೋಗಲಿಲ್ಲ. ಆಗ ಆಕೆ, “ಕೀಲಿ ಅವರ ಕಡೆ ಇದ್ದದ್ದು ಖರೆ ಐತ್ರಿ ಅಕ್ಕಾರ. ಆದ್ರ ದೇವರ ಮುಂದ ಇಟ್ಟದ್ದನ್ನ ಮುಟ್ಟೋ ಮನುಷ್ಯಾ ಅಲ್ರಿ ಅವರು” ಎಂದಳು. ಬನ್ನಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅದು ಇನ್ನೂ ಅಲ್ಲೇ ಇದೆ.

ಓಬಣ್ಣ ನಿರಪರಾಧಿ. ಗಾದೆಪ್ಪನದೂ ತಪ್ಪಿಲ್ಲ. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಓಬಣ್ಣನಿಗೆ ಓದು ಬಾರದು. ಸಹಿ ಮಾಡುವ ಮೊದಲು ಇದನ್ನು ಆತನ ಎದುರಿಗೆ ನಾನೇ ಗಟ್ಟಿಯಾಗಿ ಓದಲು ಅನುಮತಿ ಕೇಳಿದ್ದೇನೆ.

ಸ್ಥಳ: ಸಿರುಗುಪ್ಪ
ದಿನಾಂಕ: 21-10-1988
ಓದಿದ ನಂತರ ಸಹಿ: ಗುರುಬಸಮ್ಮ