‘ಸದ್ಯ’ ಅಂದ ತಪ್ಪಿಗೆ

ಮಾನ್ಯ ಅಧ್ಯಕ್ಷರೇ, ಅಂದರೆ ನಮ್ಮ ಔಷಧದ ಅಂಗಡಿಯವರೇ. ಅತಿಥಿಯಾಗಿ ಬಂದು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಫುಟ್‌ಬಾಲ್ ಸಂಘದ ದೊಡ್ಡವರೇ. ಗೋಡೆಗೆ ಒರಗಿ ನಿಂತಿರುವ ನಮ್ಮ ಆಟಗಾರರೇ, ಪಂದ್ಯದಲ್ಲಿ ನಿಂತದ್ದು ಸಾಕಾಗಲಿಲ್ಲವೇ, ಕುರ್ಚಿ ಇದೆ, ಕೂತುಕೊಳ್ಳಿ. ಮತ್ತು ಪ್ರೀತಿಯ ಸಭಿಕರೇ,

ನಲವತ್ತೆರಡು ವರ್ಷ ಈ ಕ್ಲಬ್ಬಿನ ಅಂಗಿಗಳಿಗೆ ನಂಬರು ಹೊಲಿದವಳು ಅಂತ ಇವತ್ತು ನನಗೆ ಸನ್ಮಾನ ಮಾಡಿದ್ದೀರಿ. ಸನ್ಮಾನ ಪತ್ರ ಓದಿದ ಕಾರ್ಯದರ್ಶಿಗಳು ನನ್ನನ್ನು ‘ಮಿತಭಾಷಿ’ ಎಂದರು. ಮೈದಾನದ ಸಿಮೆಂಟು ಮೆಟ್ಟಿಲಿನಲ್ಲಿ, ನಲ್ಲಿಯ ಪಕ್ಕ, ಪ್ರತಿವಾರ ನನ್ನ ಜೊತೆ ಕೂರುವ ಹಳಬರು ನಕ್ಕಿದ್ದು ವೇದಿಕೆಯವರೆಗೂ ಕೇಳಿಸಿತು. ನಗಿ, ನಗಿ. ನಿಮ್ಮ ಸರದಿಯೂ ಬರುತ್ತದೆ.

ಈ ವರ್ಷದ ನಮ್ಮ ಆಟವನ್ನು ಏನೆಂದು ವರ್ಣಿಸಲಿ? ಪಟ್ಟಿಯಲ್ಲಿ ಮೊದಲಿದ್ದವರನ್ನು ನಾಲ್ಕು ಗೋಲಿನಿಂದ ಹೊಡೆದವರು ಯಾರು? ನಾವು. ಮರುವಾರವೇ ಪಟ್ಟಿಯಲ್ಲಿ ಕಟ್ಟಕಡೆಯವರ ಎದುರು ಸೋತವರು ಯಾರು? ನಾವೇ. ಅವರ ಗೋಲ್‌ಕೀಪರಿಗೆ ಅವತ್ತು ಕಾಲು ಉಳುಕಿತ್ತು. ಬೇರೆ ಯಾರೂ ಇಲ್ಲದೆ, ತಂಡವನ್ನು ಕರೆತಂದ ಬಸ್ಸಿನ ಡ್ರೈವರಿಗೆ ಗ್ಲೌಸು ತೊಡಿಸಿ ನಿಲ್ಲಿಸಿದ್ದರು. ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಆ ಡ್ರೈವರನನ್ನು ದಾಟಿಸಿ ಒಂದೇ ಒಂದು ಗೋಲು ಹೊಡೆಯಲು ತೊಂಬತ್ತು ನಿಮಿಷದಲ್ಲಿ ನಿಮ್ಮಿಂದ ಆಗಲಿಲ್ಲ! ಪಂದ್ಯ ಮುಗಿದ ಮೇಲೆ ಆತ ಗ್ಲೌಸು ಬಿಚ್ಚದೆಯೇ ಬಸ್ಸು ಹತ್ತಿ, ನಮ್ಮ ಬೀದಿ ಮುಗಿಯುವ ತನಕ ಹಾರನ್ ಬಾರಿಸಿಕೊಂಡು ಹೋದ. ನನ್ನ ಕಿವಿಯಲ್ಲಿ ಇನ್ನೂ ಅದು ನಿಂತಿಲ್ಲ.

ಆದರೆ ಎಲ್ಲ ತಪ್ಪೂ ಹುಡುಗರದೇ ಎನ್ನಲಾರೆ. ಹದಿನೈದು ವರ್ಷದ ಹಿಂದೆ ಕನ್ನಡಕವಿಲ್ಲದೆ ಹೊಲಿಯಲು ಕೂತು, ಆರನೇ ನಂಬರನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೂ ಆರು ಯಾವುದು ಒಂಬತ್ತು ಯಾವುದು ಎಂದು ಗೊತ್ತು. ಅಂಗಿಯನ್ನೇ ತಿರುಗಾಮುರುಗಾ ಹಿಡಿದಿದ್ದರೆ ಏನು ಮಾಡುವುದು? ಇಲ್ಲಿ ಕೂತಿರುವ ನಮ್ಮ ಕೋಚ್ ಆಗ ಹಿಂದಿನ ಸಾಲಿನ ಆಟಗಾರ. ಬೆನ್ನ ಮೇಲೆ ಒಂಬತ್ತು ಕಂಡದ್ದೇ ತಡ, ತನ್ನ ಜಾಗ ಬಿಟ್ಟು ಮುಂದಕ್ಕೆ ಓಡಿದವನು ಎರಡು ಗೋಲು ಹೊಡೆದ. ಮೈದಾನದಲ್ಲಿ ಇಬ್ಬರು ಒಂಬತ್ತು ಇದ್ದಾರೆಂದು ರೆಫರಿಗೆ ಗೊತ್ತಾದದ್ದು ಅರ್ಧ ಪಂದ್ಯ ಮುಗಿದ ಮೇಲೆ. ನಂಬರು ಬಿಚ್ಚಿ ಸರಿಯಾಗಿ ಹೊಲಿದುಕೊಟ್ಟೆ. ಆದರೆ ಆ ಮನುಷ್ಯ ಮತ್ತೆ ಹಿಂದಕ್ಕೆ ಬರಲೇ ಇಲ್ಲ. ಈಗ ಕೋಚ್ ಆದ ಮೇಲೆ ಅವನ ತಂಡವೂ ಬರುತ್ತಿಲ್ಲ. ನಾವು ತಿನ್ನುತ್ತಿರುವ ಗೋಲುಗಳಲ್ಲಿ ಅರ್ಧ ನನ್ನ ಸೂಜಿಯ ಪಾಪ.

ಇರಲಿ, ವಿಷಯಕ್ಕೆ ಬರುತ್ತೇನೆ. ಮೇಲಿನ ದರ್ಜೆಗೆ ಇಬ್ಬರಿಗೆ ಮಾತ್ರ ಜಾಗ. ನಾವು ಮೂರನೆಯವರು. ಬರುವ ಭಾನುವಾರ ಗೆದ್ದರೆ ಎರಡನೆಯವರಾಗುತ್ತೇವೆ. ಆದರೆ ಅತಿಥಿಗಳ ಸಂಘದ ನಿಯಮ ಏನು ಹೇಳುತ್ತದೆ? ಮೇಲಿನ ದರ್ಜೆಯ ಮೈದಾನಕ್ಕೆ ದೊಡ್ಡ ದೀಪಗಳಿರಬೇಕು, ಸೂರು ಇರುವ ಆಸನಗಳಿರಬೇಕು. ನಮ್ಮಲ್ಲಿರುವುದು ಮೆಟ್ಟಿಲು ಮತ್ತು ನಲ್ಲಿ. ಆದ್ದರಿಂದ ಗೆದ್ದರೆ ನಮ್ಮ ಪಂದ್ಯಗಳೆಲ್ಲ ಪಕ್ಕದ ಊರಿನ ಕ್ರೀಡಾಂಗಣದಲ್ಲಿ. ಎರಡು ಬಸ್ಸು ಬದಲಾಯಿಸಬೇಕು. ಇದಕ್ಕೆ ಸದಸ್ಯರ ಒಪ್ಪಿಗೆ ಬೇಕು, ಅದೂ ಇವತ್ತೇ. ಒಪ್ಪದಿದ್ದರೆ ಭಾನುವಾರ ಹತ್ತು ಗೋಲು ಹೊಡೆದರೂ ಇಲ್ಲೇ ಉಳಿಯುತ್ತೇವೆ. ನನ್ನ ಭಾಷಣ ಮುಗಿದ ಮೇಲೆ ಕೈ ಎತ್ತುವ ಕಾರ್ಯಕ್ರಮ ಇಟ್ಟಿದ್ದಾರೆ.

ಬೇಡ ಅನ್ನುವವರ ಗುಂಪು ಒಂದಿದೆಯಲ್ಲ, ಅದನ್ನು ಕಟ್ಟಿದವಳು ನಾನೇ. ತಿಂಗಳಿಂದ ಮನೆಮನೆಗೆ ಹೋಗಿ ತಲೆ ತಿಂದಿದ್ದೇನೆ. ನಿವೃತ್ತ ಪೋಸ್ಟ್‌ಮ್ಯಾನ್ ಅಣ್ಣ ಇವತ್ತು ಬಾಗಿಲಲ್ಲೇ ಹಿಡಿದುಕೊಂಡು, “ಅಕ್ಕಾ, ಇವತ್ತು ಅವರಿಗೆ ಸರಿಯಾಗಿ ಬಿಸಿ ಮುಟ್ಟಿಸ್ಬೇಕು, ಗೊತ್ತಾಯ್ತಾ?” ಎಂದರು. “ಗೊತ್ತಾಯ್ತು” ಎಂದೆ.

ಗೊತ್ತಾದದ್ದು ಬೇರೆಯೇ, ಅಣ್ಣ.

ಹೋದ ಪಂದ್ಯ ನೆನಪಿದೆಯಲ್ಲ? ಕೊನೆಯ ನಿಮಿಷದಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಗೋಲಾಗಿದ್ದರೆ ಎರಡನೆಯ ಜಾಗ ಅವತ್ತೇ ನಮ್ಮದು. ನಮ್ಮ ‘ಗೂಳಿ’ ಒದ್ದ. ಚೆಂಡು ಕಂಬದ ಪಕ್ಕದಿಂದ ಹೊರಗೆ ಹೋಯಿತು. ಮೆಟ್ಟಿಲಿನವರೆಲ್ಲ ತಲೆಯ ಮೇಲೆ ಕೈ ಹೊತ್ತರು. ನಾನು ಎದ್ದು ನಿಂತು, “ಅಲ್ಲಯ್ಯಾ, ಅಷ್ಟು ಅಗಲದ ಬಾಗಿಲು ಬಿಟ್ಟು ಗೋಡೆ ಹುಡುಕ್ತೀಯಲ್ಲ! ಮನೆಗೂ ಹೀಗೇ ಹೋಗ್ತೀಯಾ?” ಎಂದು ಕೂಗಿದೆ. ಎಲ್ಲರೂ ನಕ್ಕರು. ಆದರೆ ಬಾಯಿ ಬೈಯುತ್ತಿದ್ದಾಗಲೇ ಎದೆಯೊಳಗೆ ಇನ್ನೊಂದು ಮಾತು ಆಗಿಹೋಗಿತ್ತು. ಏನು ಆ ಮಾತು?

‘ಸದ್ಯ.’

ಸದ್ಯ, ತಪ್ಪಿತು. ಸದ್ಯ, ನನ್ನ ಮೆಟ್ಟಿಲು ಉಳಿಯಿತು.

ಗೂಳಿ ನಾಲ್ಕು ದಿನ ಮನೆಯಿಂದ ಹೊರಗೆ ಬರಲಿಲ್ಲವಂತೆ. ಅವನ ಹೆಂಡತಿ ರವಿಕೆ ಹೊಲಿಸಲು ಬಂದವಳು ಹೇಳಿದಳು, “ಅಜ್ಜಿ, ಊಟಕ್ಕೆ ಕೂತ್ರೂ ಕಾಲು ಆಡಿಸ್ತಾನೇ ಇರ್ತಾರೆ, ಮತ್ತೆ ಮತ್ತೆ ಒದೀತಾ ಇರೋ ಹಾಗೆ.” ಅವಳ ತೋಳಿನ ಅಳತೆಯನ್ನು ಮೂರು ಸಲ ತೆಗೆದೆ, ಮೂರು ಸಲವೂ ಮರೆತೆ. ತನ್ನ ತಂಡ ಸೋತಾಗ ‘ಸದ್ಯ’ ಅನ್ನುವವಳು ಎಂಥ ಅಭಿಮಾನಿ? ಹುಡುಗರು ಒಂದು ವಾರ ಹೀಗೆ, ಒಂದು ವಾರ ಹಾಗೆ ಎಂದು ಬೈಯುತ್ತೇನೆ. ನಾನು ಒಂದೇ ನಿಮಿಷದಲ್ಲಿ ಹೀಗೂ ಇದ್ದೆ, ಹಾಗೂ ಇದ್ದೆ.

ಈ ‘ಸದ್ಯ’ ನನ್ನ ಬಾಯಿಗೆ ಹೊಸದಲ್ಲ.

ನಮ್ಮೆಜಮಾನರು ಬಸ್ ಡಿಪೋದಲ್ಲಿ ಟೈರು ವಿಭಾಗದಲ್ಲಿದ್ದರೆಂದು ನಿಮಗೆಲ್ಲ ಗೊತ್ತು. ಮೂವತ್ತೊಂದು ವರ್ಷ ಅದೇ ಸ್ಟೂಲಿನ ಮೇಲೆ ಕೂತು ನಿವೃತ್ತರಾದರು. ಮೇಲಿನವರು ಮೋಸ ಮಾಡಿದರು, ಬಡ್ತಿ ಕೊಡಲಿಲ್ಲ ಎಂದು ನಾನು ಹೇಳಿದ್ದನ್ನು ನೀವು ನೂರು ಸಲ ಕೇಳಿದ್ದೀರಿ. ಬಡ್ತಿ ಪತ್ರ ಬಂದಿತ್ತು, ಸಭಿಕರೇ. ದೊಡ್ಡ ಡಿಪೋಗೆ ಮೇಲ್ವಿಚಾರಕರಾಗಿ, ಬೇರೆ ಊರಿಗೆ. ನಗುತ್ತಾ ಬಂದು ಓದಿ ಹೇಳಿದರು. ನಾನು ಮಷೀನು ನಿಲ್ಲಿಸದೆಯೇ, “ಹೋಗೋದಾದ್ರೆ ನೀವೊಬ್ರೇ ಹೋಗಿ. ಇಲ್ಲಿ ನನ್ನ ಗಿರಾಕಿಗಳಿದ್ದಾರೆ” ಎಂದೆ. ಅವರು ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ನನ್ನ ಹೊಲಿಗೆ ಮಷೀನಿನ ಗಿಡ್ಡ ಕಾಲಿನ ಕೆಳಗೆ ಇಟ್ಟರು. “ಅಲ್ಲಾಡ್ತಿತ್ತಲ್ಲ, ಈಗ ನೋಡು” ಎಂದರು. ಮಷೀನು ಅಲ್ಲಾಡುವುದು ನಿಂತಿತು. ನಾನು ಮನಸ್ಸಿನಲ್ಲೇ ‘ಸದ್ಯ’ ಎಂದೆ.

ಮಗಳೇ, ಹಾಗೆ ನೋಡಬೇಡ. ನಿನಗೂ ಹೇಳಿರಲಿಲ್ಲ, ನಿಜ. ಮನೆಗೆ ಹೋದ ಮೇಲೆ ಬೈ.

ಅವರ ಕೈಕೆಳಗೆ ಪಂಕ್ಚರು ಹಾಕುವುದನ್ನು ಕಲಿತವರು ಮೇಲೆ ಹೋಗಿ, ತಪಾಸಣೆಗೆ ಅಂತ ಅದೇ ಡಿಪೋಗೆ ಬರುತ್ತಿದ್ದರು. ಇವರು ತಮ್ಮ ಸ್ಟೂಲು ಒರೆಸಿ ಅವರನ್ನು ಕೂರಿಸುತ್ತಿದ್ದರಂತೆ. ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಭಾನುವಾರ ಬಂದರೆ ಮೆಟ್ಟಿಲಿನ ಮೇಲೆ ಕೂತು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು, “ಮೇಲೆ ಹೋಗ್ರೋ, ಮೇಲೆ ಹೋಗ್ರೋ!” ಆಟಗಾರರಿಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಆಟಗಾರರಿಗೇ ಹೇಳಿರಬೇಕು. ಅವರು ಹೋಗಿ ಆರು ವರ್ಷವಾಯಿತು. ಇನ್ನು ಯಾರನ್ನು ಕೇಳಲಿ?

ಅತಿಥಿಗಳೇ, ಮೂರನೇ ಸಲ ನೋಡಿಕೊಂಡಿರಿ, ಮುಗಿಸುತ್ತೇನೆ.

ಗೂಳಿ, ಎಲ್ಲಿದ್ದೀಯಪ್ಪಾ? ಕಂಬದ ಹಿಂದೆ ಅವಿತುಕೊಂಡರೆ ಕಾಣುವುದಿಲ್ಲವೇ, ಕಂಬಕ್ಕಿಂತ ನೀನೇ ಅಗಲ ಇದ್ದೀಯ. ಅವತ್ತು ಸಾವಿರ ಜನ ನಿನ್ನ ಜೊತೆ ಅತ್ತರು, ಒಬ್ಬಳು ಮಾತ್ರ ಒಳಗೊಳಗೇ ನಿಟ್ಟುಸಿರು ಬಿಟ್ಟಳು. ಆ ಒಬ್ಬಳನ್ನು ಕ್ಷಮಿಸು. ಭಾನುವಾರ ಮತ್ತೆ ಪೆನಾಲ್ಟಿ ಸಿಕ್ಕರೆ ನೀನೇ ಒದೆಯಬೇಕು. ಗೋಡೆ ಕಡೆಗೆ ಬೇಡ.

ನಲ್ಲಿಯ ಪಕ್ಕದ ನನ್ನ ಗೆಳೆಯರೇ, ನನ್ನನ್ನು ನಂಬಿ ಬಂದಿರಿ, ನಿಮ್ಮ ಬೆನ್ನಿಗೆ ನಾನು ಚೂರಿ ಹಾಕುತ್ತಿದ್ದೇನೆ ಅನ್ನಿಸಬಹುದು. ಎರಡು ಬಸ್ಸಿನ ಭಯವೇ? ನನಗೂ ಇದೆ. ಮಂಡಿ ನೋಯುತ್ತದೆ, ಅಲ್ಲಿ ಯಾರ ಪಕ್ಕ ಕೂರಿಸುತ್ತಾರೋ, ಬೈದರೆ ಆಚೆ ಕಳಿಸುತ್ತಾರೋ. ಒಬ್ಬರ ಬಡ್ತಿಯನ್ನು ಮಷೀನಿನ ಕಾಲಿಗೆ ಕೊಟ್ಟು ಮೂವತ್ತು ವರ್ಷ ಅದರ ಮೇಲೆ ಹೊಲಿದಿದ್ದೇನೆ. ಹನ್ನೊಂದು ಜನರದ್ದನ್ನು ಇಡಲು ನನ್ನಲ್ಲಿ ಅಷ್ಟು ಮಷೀನುಗಳಿಲ್ಲ.

ಅಧ್ಯಕ್ಷರೇ, ಕೈ ಎತ್ತುವುದು ಭಾಷಣ ಆದ ಮೇಲೆ ಎಂದು ಹೇಳಿದ್ದಿರಿ. ಅಷ್ಟು ಹೊತ್ತು ಬಿಟ್ಟರೆ ನನ್ನ ಮನಸ್ಸು ಮತ್ತೆ ನಮ್ಮ ತಂಡದ ಹಾಗೆ ಆಡಬಹುದು. ಈಗಲೇ ಎತ್ತುತ್ತಿದ್ದೇನೆ. ಹೋಗೋಣ ಅನ್ನುವವರ ಕಡೆಗೆ ಬರೆದುಕೊಳ್ಳಿ. ಪೋಸ್ಟ್‌ಮ್ಯಾನ್ ಅಣ್ಣ, ಏನು ನೋಡುತ್ತಿದ್ದೀರಿ? ಬಸ್ಸಿನಲ್ಲಿ ಕಿಟಕಿ ಪಕ್ಕ ನಿಮಗೇ ಬಿಟ್ಟುಕೊಡುತ್ತೇನೆ, ಎತ್ತಿ. ಹಾಂ. ಪೂರ್ತಿ ಎತ್ತಿ, ತಲೆ ಕೆರೆದುಕೊಂಡ ಹಾಗೆ ಬೇಡ.

ಸನ್ಮಾನ ಮಾಡಿದ ಕ್ಲಬ್ಬಿಗೆ, ಸಹಿಸಿಕೊಂಡ ಅತಿಥಿಗಳಿಗೆ, ಮನೆಯಲ್ಲಿ ಬೈಯಲಿರುವ ಮಗಳಿಗೆ ಧನ್ಯವಾದಗಳು. ಒಂದು ಕೈ ಮೇಲಿದೆ, ಇಳಿಸಿದರೆ ಎಣಿಸುವವರು ತಪ್ಪು ಮಾಡುತ್ತಾರೆ. ಆದ್ದರಿಂದ ಸದ್ಯಕ್ಕೆ ಇನ್ನೊಂದು ಕೈಯಿಂದಲೇ, ನಿಮಗೆಲ್ಲ ಅರ್ಧ ನಮಸ್ಕಾರ. ಉಳಿದರ್ಧ ಭಾನುವಾರ, ಗೆದ್ದ ಮೇಲೆ.